ನೀರಿನ ಸಂಪಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಗ್ರಾಂ?

ಶ್ರೀನಿವಾಸಪುರದ ಕಡೆ ಒಂದು ಹಳ್ಳಿ. ರಾತ್ರಿ ಮಳೆಗೆ ಚರಂಡಿ ಉಕ್ಕಿ, 3000 ಲೀಟರಿನ ಸಂಪಿಗೆ ಕೆಸರು ನುಗ್ಗಿತ್ತು. ಬೆಳಿಗ್ಗೆ ನೀರುಗಂಟಿ ಬ್ಲೀಚಿಂಗ್ ಪೌಡರ್ ಚೀಲ ತಂದಿಟ್ಟ ಕೂಡಲೇ ಮನೆಯ ಅಜ್ಜಿ, "ಎರಡು ಹಿಡಿ ಸುರಿದುಬಿಡಪ್ಪ" ಅಂದರು. ಕೆಲಸ ಕೆಡುವುದೇ ಈ ಹಿಡಿ ಲೆಕ್ಕದಲ್ಲಿ.

ಮೊದಲು ಕೆಸರು ಹೋಗಬೇಕು. ಕೆಸರಿದ್ದರೆ ಕ್ಲೋರಿನ್ ಅದರಲ್ಲೇ ಖರ್ಚಾಗುತ್ತದೆ, ಕ್ರಿಮಿಗಳಿಗೆ ಉಳಿಯುವುದಿಲ್ಲ. ನೀರು ಹೊರಹಾಕಿ, ಮುಚ್ಚಳ ತೆಗೆದು ಗಾಳಿಯಾಡಿಸಿ, ಮೇಲೊಬ್ಬರು ಕಾವಲಿದ್ದಾಗಲೇ ಇನ್ನೊಬ್ಬರು ಇಳಿದು ಉಜ್ಜಿದರು. ಅವರು ಮೇಲೆ ಬಂದ ಮೇಲಷ್ಟೇ ಬ್ಲೀಚಿಂಗ್. ಕ್ಲೋರಿನ್ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ.

ಹೊಸ ಪುಡಿಯಲ್ಲಿ ಸುಮಾರು ಶೇ. 33 ಕ್ಲೋರಿನ್ ಇರುತ್ತದೆ. ಬಾಯಿ ಕಟ್ಟದೆ ಬಿಸಿಲಲ್ಲೋ ತೇವದಲ್ಲೋ ಇಟ್ಟ ಚೀಲದಲ್ಲಿ ಅದು ಇಳಿಯುತ್ತಾ ಹೋಗುತ್ತದೆ. ದ್ರಾವಣದಲ್ಲಿ ಬೇಕಾದ ಕ್ಲೋರಿನ್ ಶೇಕಡಾವಾರನ್ನು ಪುಡಿಯ ಶೇಕಡಾವಾರಿನಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಲೀಟರಿಗೆ ಎಷ್ಟು ಗ್ರಾಂ ಅಂತ ಸಿಗುತ್ತದೆ. ಶೌಚಾಲಯದ ನೆಲಕ್ಕೆ ಶೇ. 0.5 ದ್ರಾವಣ: ಹೊಸ ಪುಡಿ 15 ಗ್ರಾಂ, ಶೇ. 25ಕ್ಕೆ ಇಳಿದದ್ದಾದರೆ 20. ಪುಡಿಯ ಬದಲು ಶೇ. 5 ಕ್ಲೋರಿನ್ ಇರುವ ದ್ರವ (ಹೈಪೋಕ್ಲೋರೈಟ್) ಆದರೆ ಒಂದು ಲೋಟಕ್ಕೆ ಒಂಬತ್ತು ಲೋಟ ನೀರು.

ಸಂಪಿನ ಗೋಡೆಗೆ ಅಷ್ಟು ಗಟ್ಟಿ ಬೇಡ. 20 ಲೀಟರಿನ ಪ್ಲಾಸ್ಟಿಕ್ ಬಕೆಟ್ಟಿಗೆ 30 ಗ್ರಾಂ. ತಗಡಿನ ಬಕೆಟ್ ಬೇಡವೇ ಬೇಡ, ತುಕ್ಕು ತಿನ್ನುತ್ತದೆ. ಪುಡಿಯನ್ನು ಮೊದಲು ಸ್ವಲ್ಪ ತಣ್ಣೀರಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ನೀರು ತುಂಬಿಸಿ, ಹತ್ತು ನಿಮಿಷ ಬಿಟ್ಟು ತಿಳಿ ಮಾತ್ರ ಬಗ್ಗಿಸಿಕೊಳ್ಳಬೇಕು. ತಳದಲ್ಲಿ ಉಳಿಯುವುದು ಸುಣ್ಣ. ಮೇಲಿನಿಂದಲೇ ಗೋಡೆಗೆ ಎರಚಿ, ಅರ್ಧ ಗಂಟೆ ಬಿಟ್ಟು, ತೊಳೆದ ನೀರನ್ನೆಲ್ಲ ಹೊರಹಾಕಿದ್ದಾಯಿತು.

ಇಷ್ಟರಲ್ಲಿ ಯಾರೋ ಟಾಯ್ಲೆಟ್ ತೊಳೆಯುವ ಆಸಿಡ್ ಬಾಟಲಿ ತಂದರು, "ಇದೂ ಸ್ವಲ್ಪ ಇರಲಿ" ಅಂತ. ಎರಡೂ ಸೇರಿದರೆ ಏಳುವುದು ವಿಷದ ಗಾಳಿ. ಬಾಟಲಿ ಅಂಗಳ ದಾಟಿಸಿದ ಮೇಲೇ ಕೆಲಸ ಮುಂದುವರಿಯಿತು.

ಕುಡಿಯುವ ನೀರಿನ ಲೆಕ್ಕವೇ ಬೇರೆ: ಸಾವಿರ ಲೀಟರಿಗೆ 2.5 ಗ್ರಾಂ, ಅಂದರೆ ತುಂಬಿದ ಸಂಪಿಗೆ ಏಳೂವರೆ. ಅಷ್ಟು ಸಣ್ಣ ತೂಕ ಅಂಗಡಿ ತಕ್ಕಡಿಗೆ ಸಿಗುವುದಿಲ್ಲ. ಅಂಚಿಗೆ ಸಮ ಮಾಡಿದ ಹತ್ತು ಚಮಚ ಪುಡಿ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿದರೆ ಒಂದು ಚಮಚದ ತೂಕ ಗೊತ್ತಾಗುತ್ತದೆ. ಇದನ್ನೂ ಕಲಸಿ, ತಿಳಿ ಮಾತ್ರ ಹಾಕಿದ್ದು.

ಅರ್ಧ ಗಂಟೆ ಬಿಟ್ಟು ನೀರುಗಂಟಿ ಕ್ಲೋರೋಸ್ಕೋಪಿನ, ಅಂದರೆ ನೀರಲ್ಲಿ ಉಳಿದ ಕ್ಲೋರಿನ್ ನೋಡುವ ಸಾಧನದ, ಕೊಳವೆಗೆ ನೀರು ತುಂಬಿ ಪರೀಕ್ಷೆಯ ದ್ರವದ ಹನಿ ಬಿಟ್ಟ. ಕ್ಲೋರಿನ್ ಇದ್ದರೆ ನೀರು ಹಳದಿಯಾಗುತ್ತದೆ. ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ಹಳದಿ ಕಾಣಲೇ ಇಲ್ಲ. ಚೀಲ ಹಳೆಯದು. ಇನ್ನೂ ನಾಲ್ಕು ಗ್ರಾಂ ಕಲಸಿ ಹಾಕಿ, ಮತ್ತರ್ಧ ಗಂಟೆ ಕಾದ ಮೇಲೆ ಕೊಳವೆಯಲ್ಲಿ ತಿಳಿ ಹಳದಿ ಬಂತು.