ಮೊದಲ ಎಲ್ಕ್ ಬೇಟೆ: ಲೆಕ್ಕ ಶುರುವಾಗುವುದು ಹೊರೆಯಿಂದ

ಎಲ್ಕ್ ಎಂದರೆ ಉತ್ತರ ಅಮೆರಿಕದ ದೊಡ್ಡ ಜಿಂಕೆ. ಬಲಿತ ಗಂಡು ಸುಮಾರು 320 ಕಿಲೋ ತೂಗುತ್ತದೆ. ಚರ್ಮ, ಕರುಳು, ಮೂಳೆ ಎಲ್ಲ ಬಿಟ್ಟ ಮೇಲೂ 80ರಿಂದ 90 ಕಿಲೋ ಮಾಂಸ ಕೈಗೆ ಬರುತ್ತದೆ. ಅದು ಬಿದ್ದ ಜಾಗ ರಸ್ತೆಯಿಂದ 5 ಕಿಲೋಮೀಟರ್ ಒಳಗಿದ್ದರೆ ಇಬ್ಬರು ತಲಾ 22 ಕಿಲೋ ಹೊತ್ತು ಎರಡೆರಡು ಸಲ ಇಳಿಯಬೇಕು. ನಡುವೆ ಬರಿಗೈಯಲ್ಲಿ ಹತ್ತಿ ಬರುವುದೂ ಸೇರಿ ಒಬ್ಬೊಬ್ಬರಿಗೂ 15 ಕಿಲೋಮೀಟರ್. ಕೊಂಬು, ಡೇರೆ, ಬಂದೂಕಿನ ಭಾರ ಬೇರೆ. ಮೊದಲ ಸಲ ಹೊರಡುವವರು ಬಂದೂಕಿನ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾರೆ, ಈ ಹೊರೆಯ ಬಗ್ಗೆ ಒಂದನ್ನೂ ಕೇಳುವುದಿಲ್ಲ. ನಾವು ಮಾತ್ರ ಸಿದ್ಧತೆಯನ್ನು ಈ ತುದಿಯಿಂದಲೇ ಶುರು ಮಾಡುತ್ತೇವೆ.

ನಮ್ಮ ಕಾಡಿನ ಕಡವೆ ನೋಡಿದವರಿಗೆ ಎಲ್ಕ್ ಸುಲಭವಾಗಿ ಅರ್ಥವಾಗುತ್ತದೆ: ಅದೇ ಜಿಂಕೆ ಕುಲ, ಮೈ ಇನ್ನೂ ಭಾರಿ, ಹಿಂಭಾಗದಲ್ಲಿ ತಿಳಿಹಳದಿ ಮಚ್ಚೆ, ಕತ್ತು ಕಡುಗಂದು. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಇಂಥ ಬೇಟೆಗೆ ಅವಕಾಶ ಕೊಡುವುದಿಲ್ಲ. ಅಮೆರಿಕದ ಕೊಲೊರಾಡೊದಲ್ಲಿ ರಾಜ್ಯದ ವನ್ಯಜೀವಿ ಇಲಾಖೆಯೇ ಪ್ರದೇಶವಾರು ಪರವಾನಗಿ ಕೊಟ್ಟು ಹಿಂಡಿನ ಗಾತ್ರ ಕಾಯುತ್ತದೆ. ಇಲ್ಲಿ ಹೇಳುತ್ತಿರುವುದು ಆ ರಾಜ್ಯದ ವಾಯುವ್ಯದ ಫ್ಲ್ಯಾಟ್ ಟಾಪ್ಸ್ ಬೆಟ್ಟಗಳ ಅಕ್ಟೋಬರ್ ತಿಂಗಳ ರೈಫಲ್ ಬೇಟೆಯ ವಿಷಯ.

ಕಾಗದದ ಕೆಲಸ ಚಳಿಗಾಲದಲ್ಲೇ ಮುಗಿಯಬೇಕು. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಬೇಟೆ ಸುರಕ್ಷತೆಯ ತರಬೇತಿ ಪತ್ರ ಇಲ್ಲದೆ ಪರವಾನಗಿ ಸಿಗದು. ಪರವಾನಗಿ ಹಂಚುವ ಲಾಟರಿಯ ಅರ್ಜಿಯ ಗಡುವು ಏಪ್ರಿಲ್ ಮೊದಲ ವಾರದ ಆಸುಪಾಸು ಬರುತ್ತದೆ. ಎಚ್‌1ಬಿಯಂಥ ವೀಸಾದಲ್ಲಿರುವ ನಮ್ಮವರು ಇನ್ನೊಂದನ್ನು ತಿಳಿದಿರಲೇಬೇಕು. ಅಂಥವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಉಳ್ಳವರಿಗೆ ವಿನಾಯಿತಿ ಇದೆ. ಪರವಾನಗಿ ಕೈಗೆ ಬರುವ ಮೊದಲು ಗೆಳೆಯರ ರೈಫಲ್ ತೆಗೆದುಕೊಂಡು ಅಭ್ಯಾಸಕ್ಕೆ ಹೋಗುವುದೂ ಅಪಾಯವೇ. ವಕೀಲರನ್ನು ಒಮ್ಮೆ ಕೇಳಿ.

ಕಾಲುಗಳ ತಯಾರಿ ಏಪ್ರಿಲ್‌ನಿಂದ. ಬ್ಯಾಗಿನಲ್ಲಿ 10 ಕಿಲೋದಿಂದ ಶುರು ಮಾಡಿ, ಎರಡು ವಾರಕ್ಕೊಮ್ಮೆ ಎರಡು ಕಿಲೋ ಏರಿಸುತ್ತ 25ಕ್ಕೆ ತರುವುದು ನಮ್ಮ ರೂಢಿ. ಭಾರಕ್ಕೆ ನೀರಿನ ಕ್ಯಾನ್ ಒಳ್ಳೆಯದು: ಗುಡ್ಡದ ತುದಿಯಲ್ಲಿ ಚೆಲ್ಲಿ ಬರಿ ಬ್ಯಾಗಿನಲ್ಲಿ ಇಳಿದರೆ ಮಂಡಿ ಉಳಿಯುತ್ತದೆ. ಆಗಸ್ಟ್ ಬಂತೆಂದರೆ ಚೆಲ್ಲುವುದನ್ನು ನಿಲ್ಲಿಸಿ. ಮಾಂಸ ಹೊತ್ತು ಬರುವ ದಾರಿ ಹೆಚ್ಚಾಗಿ ಇಳಿಜಾರಿನದು, ಹೊಸಬರ ತೊಡೆ ಸೋಲುವುದೂ ಅಲ್ಲೇ. ಹೊಸ ಬೂಟನ್ನು ಬೆಟ್ಟದಲ್ಲೇ ಮೊದಲ ಸಲ ಹಾಕಬೇಡಿ. ಕನಿಷ್ಠ 100 ಕಿಲೋಮೀಟರ್, ಅದೂ ಭಾರದೊಡನೆ, ನಡೆದಿರಲಿ. ಚಕ್ರದ ಗಾಡಿಯಲ್ಲಿ ತಂದರಾಯಿತು ಎಂದುಕೊಳ್ಳುವವರಿದ್ದಾರೆ. ಫ್ಲ್ಯಾಟ್ ಟಾಪ್ಸ್‌ನ ದೊಡ್ಡ ಭಾಗ ಸಂರಕ್ಷಿತ ವಿಲ್ಡರ್‌ನೆಸ್. ಅಲ್ಲಿ ಮೋಟಾರು ಮಾತ್ರವಲ್ಲ, ಕೈಗಾಡಿಗೂ ಪ್ರವೇಶವಿಲ್ಲ. ಬೆನ್ನು ಇಲ್ಲವೇ ಕುದುರೆ, ಮೂರನೆಯ ದಾರಿಯಿಲ್ಲ.

ಡೇರೆ ಹಾಕುವ ಜಾಗವೇ ಸುಮಾರು 3,000 ಮೀಟರ್, ಅಂದರೆ ಮುಳ್ಳಯ್ಯನಗಿರಿಯ ತುದಿಗಿಂತ ಸಾವಿರ ಮೀಟರ್ ಮೇಲೆ. ಆ ಎತ್ತರದಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಶೇ. 30ರಷ್ಟು ಕಡಿಮೆ. ಎರಡು ದಿನ ಮೊದಲೇ ತಲುಪಿ, ಸುಮ್ಮನೆ ಅಡ್ಡಾಡಿ, ನೀರು ಚೆನ್ನಾಗಿ ಕುಡಿಯಿರಿ. ತಲೆನೋವು, ವಾಕರಿಕೆ ಬಂದರೆ ಇನ್ನೂ ಮೇಲೆ ಹತ್ತಬಾರದು. ಕುಳಿತಲ್ಲೇ ಏದುಸಿರು, ಎಡೆಬಿಡದ ಕೆಮ್ಮು ಕಂಡರೆ ಬೆಳಗಿಗಾಗಿ ಕಾಯದೆ ಆ ರಾತ್ರಿಯೇ ಕೆಳಗಿಳಿಸಿ.

ಬಂದೂಕಿನ ವಿಷಯ ಚುಟುಕಾಗಿ. ಥರ್ಟಿ ಆಟ್ ಸಿಕ್ಸ್ (.30-06) ರೈಫಲ್, 180 ಗ್ರೇನ್ (ಸುಮಾರು 11.7 ಗ್ರಾಂ) ತೂಕದ ಗುಂಡು ಧಾರಾಳವಾಗಿ ಸಾಕು. 200 ಗಜಕ್ಕೆ ಗುರಿ ಹೊಂದಿಸಿದರೆ 300 ಗಜದಲ್ಲಿ ಗುಂಡು ಎಂಟು–ಒಂಬತ್ತು ಇಂಚು ಕೆಳಗೆ ಬೀಳುತ್ತದೆ. ಮೇಜಿನ ಮೇಲೆ ಊರಿ ಹೊಡೆಯುವ ಅಭ್ಯಾಸ ಬೆಟ್ಟದಲ್ಲಿ ಕೆಲಸಕ್ಕೆ ಬರುವುದಿಲ್ಲ. ಇನ್ನೂರು ಹೆಜ್ಜೆ ಓಡಿ, ಏದುಸಿರಿನಲ್ಲೇ ಕುಳಿತು, ಕೋಲಿಗೆ ಆನಿಸಿ ಹೊಡೆಯಿರಿ. ಹಾಗೆ ಐದಕ್ಕೆ ಐದೂ ಗುಂಡು ಎಂಟು ಇಂಚಿನ ತಟ್ಟೆಯೊಳಗೆ ಬೀಳುವ ದೂರವೇ ನಿಮ್ಮ ಮಿತಿ. ಅದು 150 ಗಜವಾದರೆ 150 ಗಜವೇ. ಅದನ್ನು ದಾಟಿದರೆ ಗಾಯಗೊಂಡ ಪ್ರಾಣಿ ಕಣಿವೆಯಲ್ಲಿ ನರಳಿ ಸಾಯುತ್ತದೆ.

ಗಾಳಿಯ ಪಾಠ ಇನ್ನೂ ಮುಖ್ಯ. ಬೆಳಗಿನ ತಂಪುಗಾಳಿ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ. ಬಿಸಿಲು ಕಾದಂತೆ ಮೇಲಕ್ಕೆ ತಿರುಗುತ್ತದೆ. ಸಂಜೆ ಮತ್ತೆ ಇಳಿಯುತ್ತದೆ. ಎಲ್ಕ್ ರಾತ್ರಿ ಹುಲ್ಲುಗಾವಲಿನಲ್ಲಿ ಮೇಯ್ದು, ಹಗಲು ಉತ್ತರದ ಇಳಿಜಾರಿನ ದಟ್ಟ ಮರಗಳಲ್ಲಿ ಮಲಗುತ್ತದೆ. ಹಾಗಾಗಿ ಬೆಳಗ್ಗೆ ಕೆಳಗಿನಿಂದ, ಬಿಸಿಲೇರಿದ ಮೇಲೆ ಮೇಲಿನಿಂದ ಅಥವಾ ಅಡ್ಡಲಾಗಿ ಹೋಗಬೇಕು. ಗಾಳಿ ತಿರುಗುವ ಆ ಒಂದು ಗಂಟೆ ಹೊತ್ತು ಕುಳಿತುಬಿಡುವುದೇ ಲೇಸು.

ಸೊಂಟದ ಮೇಲೆ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ, ಅದೇ ಬಣ್ಣದ ಟೋಪಿ ಕಡ್ಡಾಯ. ಒಳಗೆ ಉಣ್ಣೆ ಇರಲಿ. ಹತ್ತಿ ಬಟ್ಟೆ ಬೆವರು ಹೀರಿ ಒದ್ದೆಯಾಗಿ ಮೈ ಕೊರೆಯಿಸುತ್ತದೆ. ನೀರಿನ ಫಿಲ್ಟರ್ ರಾತ್ರಿ ಮಲಗುಚೀಲದೊಳಗೆ ಇರಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ಸಣ್ಣ ಕೊಳವೆಗಳು ಬಿರಿಯುತ್ತವೆ, ಹೊರಗೆ ಏನೂ ಕಾಣುವುದಿಲ್ಲ, ಹೊಟ್ಟೆ ಕೆಡುತ್ತದೆ.

ಗುಂಡು ಬಿದ್ದ ಮೇಲೆ ಅರ್ಧ ಗಂಟೆ ಕಾಯಿರಿ. ಆಮೇಲೆ ಪ್ರಾಣಿಯನ್ನು ಪಕ್ಕಕ್ಕೆ ಮಲಗಿಸಿ, ಹೊಟ್ಟೆ ತೆರೆಯದೆ, ಕತ್ತಿನಿಂದ ಬಾಲದವರೆಗೆ ಬೆನ್ನಿನುದ್ದಕ್ಕೆ ಸೀಳಿ ಚರ್ಮ ಕೆಳಕ್ಕೆ ಸುಲಿಯುತ್ತ ಬನ್ನಿ. ಮುಂಗಾಲಿಗೆ ಎದೆಗೂಡಿನೊಡನೆ ಮೂಳೆಯ ಕೀಲಿಲ್ಲ, ಬರೀ ಚಾಕುವಿನಿಂದ ಬಿಡುತ್ತದೆ. ಹಿಂಗಾಲನ್ನು ಸೊಂಟದ ಗುಂಡುಕೀಲಿನಲ್ಲಿ ಬಿಡಿಸಿ. ಆಮೇಲೆ ಬೆನ್ನಿನ ಉದ್ದ ಪಟ್ಟಿ, ಕತ್ತಿನ ಮಾಂಸ. ಮಗ್ಗುಲು ತಿರುಗಿಸಿ ಮತ್ತೆ ಅದೇ ಕೆಲಸ. ಕೊನೆಗೆ ಕಡೆಯ ಪಕ್ಕೆಲುಬಿನ ಹಿಂದೆ ಕೈ ಹಾಕಿದರೆ ಬೆನ್ನುಮೂಳೆಯ ಅಡಿಯ ಎಳೆಮಾಂಸ ಸಿಗುತ್ತದೆ. ಗಂಡೋ ಹೆಣ್ಣೋ ಎಂದು ತೋರಿಸುವ ಅಂಗ ಮಾಂಸಕ್ಕೆ ಸಹಜವಾಗಿ ಅಂಟಿಕೊಂಡೇ ಇರಬೇಕೆಂಬುದು ಕಾನೂನು. ಹೊಸಬರು ಅವಸರದಲ್ಲಿ ಅದನ್ನೇ ಕತ್ತರಿಸಿ ಎಸೆದುಬಿಡುತ್ತಾರೆ. ಅಲಗು ಬದಲಿಸುವ ಚಾಕುವಾದರೆ ಹಳೆಯ ಅಲಗುಗಳನ್ನು ಎಣಿಸಿ ಡಬ್ಬಿಗೆ ಹಾಕಿ. ಮುರಿದ ಚೂರು ಮಾಂಸದಲ್ಲಿ ಉಳಿದರೆ ತಿನ್ನುವವರ ಬಾಯಿಗೆ ಹೋಗುತ್ತದೆ.

ಹೊರಗೆ ಹಿಮ ಬೀಳುತ್ತಿದ್ದರೂ ಮಾಂಸ ಕೆಡಬಹುದು. ದಪ್ಪ ಚರ್ಮ, ಒತ್ತೊತ್ತಾದ ಕೂದಲು ಕಾವನ್ನು ಹಿಡಿದಿಡುತ್ತವೆ. ತೊಡೆಯ ಮೂಳೆಯ ಸುತ್ತ ಮೊದಲು ಹುಳಿವಾಸನೆ ಹುಟ್ಟುತ್ತದೆ. ಸುಲಿದದ್ದನ್ನು ಗಾಳಿಯಾಡುವ ಬಟ್ಟೆಚೀಲಕ್ಕೆ ಹಾಕಿ ನೆರಳಿನ ಕೊಂಬೆಗೆ ತೂಗಿಸಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ, ಕಾವೂ ತೇವವೂ ಒಳಗೇ ಉಳಿದುಬಿಡುತ್ತವೆ. ಕಾರಿನಲ್ಲಿ ಎರಡು ದೊಡ್ಡ ಐಸ್ ಪೆಟ್ಟಿಗೆ ಕಾಯುತ್ತಿರಲಿ, ಕೆಳಗಿನ ಬಿರಡೆ ತೆಗೆದಿರಲಿ. ಕರಗಿದ ನೀರು ಹರಿದುಹೋದರೆ ಮಾಂಸ ನೆನೆಯದೆ ಮನೆ ಸೇರುತ್ತದೆ.