ಟ್ಯಾಂಕಿನೊಳಗೆ ಮೂಲಂಗಿ

ರಾತ್ರಿ ಹನ್ನೊಂದಕ್ಕೆ ಟಾಯ್ಲೆಟ್ಟಿನಿಂದ ಟಪ್ ಟಪ್ ಸದ್ದು. ಫ್ಲಶ್ ಟ್ಯಾಂಕಿಗೆ ನೀರು ಬಿಡುವ ಆಂಗಲ್ ವಾಲ್ವ್ ಸೋರುತ್ತಿತ್ತು. ಗೋಡೆ ಹತ್ತಿರ ಅಲ್ಲ, ತಿರುಗಿಸುವ ಹಿಡಿಯ ಬುಡದಲ್ಲಿ. ಕೆಳಗೆ ಲೀಟರಿನ ಮಗ್ ಇಟ್ಟೆ. ಒಂದು ಗಂಟೆಗೆಲ್ಲ ತುಂಬಿತು. ದಿನಕ್ಕೆ ಹೆಚ್ಚುಕಮ್ಮಿ ಒಂದೂವರೆ ಬಿಂದಿಗೆ!

"ಇನ್ನು ಅಂತರಗಂಗೆ ಬೆಟ್ಟ ಯಾಕೆ ಹತ್ತಬೇಕು, ಬಸವನ ಬಾಯಿ ಮನೇಲೇ ಇದೆಯಲ್ಲ" ಅಂದರು ಅಮ್ಮ. ಆ ಕಲ್ಲಿನ ಬಸವನ ಬಾಯಿಂದ ಬೀಳೋ ನೀರು ಪುಕ್ಕಟೆ. ನಮ್ಮದು ಟ್ಯಾಂಕರ್ ನೀರು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಬಿಡುವ ನೀರು, ಬಂದು ಕೋಲಾರದ ಕೆರೆಗಳೇನೋ ತುಂಬಿದವು, ಆದರೆ ಅದು ನಲ್ಲಿಗೆ ಬಿಡುವ ನೀರಲ್ಲ.

ಬೆಳಗ್ಗೆ ಹಿಡಿ ಕಳಚಿ, ಒಳಗಿನ ಗ್ಲ್ಯಾಂಡ್ ನಟ್ಟಿಗೆ ಸ್ಪ್ಯಾನರ್ ಹಾಕಿದೆ. ಅದನ್ನು ಕಾಲು ಸುತ್ತು ಬಿಗಿ ಮಾಡಿದರೆ ಎಷ್ಟೋ ಸಲ ಸೋರೋದು ನಿಲ್ಲುತ್ತೆ. ಇದು ಅಲ್ಲಾಡಲೇ ಇಲ್ಲ. ನಮ್ಮ ಕಡೆಯ ಬೋರ್‌ವೆಲ್ ನೀರು ಗೊತ್ತಲ್ವಾ, ನಟ್ಟಿನ ಸುತ್ತ ಸುಣ್ಣ ಮೆತ್ತಿದ ಹಾಗೆ ಬಿಳಿ ಉಪ್ಪು ಗಟ್ಟಿಯಾಗಿತ್ತು. ಹೊಸದು ಹಾಕೋದೇ ವಾಸಿ ಅನ್ನಿಸಿತು.

ಡೂಂ ಲೈಟ್ ಸರ್ಕಲ್ ಕಡೆ ಹೋಗಿ ಅರ್ಧ ಇಂಚಿನ ಹಿತ್ತಾಳೆ ವಾಲ್ವ್, ಒಂದು ಸುರುಳಿ ಟೆಫ್ಲಾನ್ ಟೇಪ್ ತಂದೆ. "ಥ್ರೆಡ್ ತಿರುಗೋ ಕಡೆಗೇ ಸುತ್ತಿ ಸಾರ್, ಉಲ್ಟಾ ಸುತ್ತಿದ್ರೆ ಬಿಚ್ಕೊಳ್ಳುತ್ತೆ" ಅಂತ ಅಂಗಡಿಯವರು ಎರಡು ಸಲ ಹೇಳಿದರು. ನನ್ನ ಮುಖ ನೋಡಿಯೇ ಇರಬೇಕು.

ನಿಜವಾದ ಫಜೀತಿ ತಾರಸಿ ಮೇಲಿತ್ತು. ಟ್ಯಾಂಕಿನಿಂದ ಮನೆಗೆ ಇಳಿಯೋ ನೀರು ನಿಲ್ಲಿಸುವ ಗೇಟ್ ವಾಲ್ವಿನ ಚಕ್ರ ಸುಮ್ನೆ ಗಿರಗಿರ ತಿರುಗುತ್ತೆ, ನೀರು ಮಾತ್ರ ನಿಲ್ಲಲ್ಲ. ಹಿಂದಿನ ದಿನ ತಾನೇ ದುಡ್ಡು ಕೊಟ್ಟು ತುಂಬಿಸಿದ ಟ್ಯಾಂಕ್. ಸೋರಿಕೆ ನಿಲ್ಲಿಸೋಕೆ ಟ್ಯಾಂಕೇ ಖಾಲಿ ಮಾಡೋದಾ?

"ಮೂಲಂಗಿ ತಗೊಂಡು ಹೋಗೋ" ಅಂದರು ಅಮ್ಮ, ಅಡುಗೆಮನೆಯಿಂದಲೇ. ತಮಾಷೆ ಅಂದುಕೊಂಡೆ. ಅಲ್ಲ, ತವರಲ್ಲಿ ಟ್ಯಾಂಕಿನ ತೂತಿಗೆ ಅದನ್ನೇ ತುರುಕಿ ನೀರು ನಿಲ್ಲಿಸುತ್ತಿದ್ದರಂತೆ. ಮೂಲಂಗಿಗೆ ಹಳೇ ಬನಿಯನ್ ತುಂಡು ಸುತ್ತಿ, ಪೈಪಿನೊಳಗೆ ಎಳೆದುಕೊಂಡು ಹೋಗದಿರಲಿ ಅಂತ ದಾರ ಕಟ್ಟಿ, ಐನೂರು ಲೀಟರಿನ ಟ್ಯಾಂಕಿಗೆ ಹೆಗಲವರೆಗೂ ಕೈ ಇಳಿಬಿಟ್ಟೆ. ಕೆನ್ನೆ ನೀರಿಗೆ ತಾಗುತ್ತಿತ್ತು. ಬೆರಳಿಗೆ ತೂತು ಸಿಕ್ಕಿತು. ಮೂಲಂಗಿ ಒತ್ತಿದ್ದೇ ತಡ, ನೀರಿನ ಭಾರವೇ ಅದನ್ನು ಗಬಕ್ಕನೆ ಒಳಗೆ ಕೂರಿಸಿತು.

ನಲ್ಲಿಗಳನ್ನೆಲ್ಲ ಬಿಟ್ಟು ಪೈಪಿನಲ್ಲಿದ್ದ ನೀರು ಬಕೆಟ್ಟಿಗೆ ಹಿಡಿದೆವು. ಹಳೇ ವಾಲ್ವ್ ಬಿಚ್ಚುವಾಗ ಜೀವ ಕೈಯಲ್ಲಿತ್ತು. ಜೋರು ಮಾಡಿ ಗೋಡೆಯೊಳಗಿನ ಎಲ್ಬೋ ಬಿರುಕು ಬಿಟ್ಟರೆ ಟೈಲ್ಸ್ ಒಡೆಯಬೇಕು. ಕಿರ್ರ್ ಅಂತ ಬಂತು. ಥ್ರೆಡ್ಡಿನಲ್ಲಿದ್ದ ಉಪ್ಪನ್ನು ಹಳೇ ಟೂತ್‌ಬ್ರಶ್ಶಿನಿಂದ ಉಜ್ಜಿದೆ. ಹೊಸದಕ್ಕೆ ಹನ್ನೆರಡು ಸುತ್ತು ಟೇಪ್ ಸುತ್ತಿ ಕೂರಿಸಿದೆ. ಕನೆಕ್ಷನ್ ಪೈಪಿನ ನಟ್ ಮಾತ್ರ ಬರಿಗೈಯಲ್ಲಿ ಬಿಗಿ ಮಾಡಿದೆ, ಒಳಗೆ ರಬ್ಬರ್ ವಾಷರ್ ಇರುತ್ತಲ್ಲ.

ವಾಲ್ವ್ ತೆರೆದೆ. ಕೆಳಗೆ ಪೇಪರ್ ಹಾಸಿ ಐದು ನಿಮಿಷ ಕೂತು ನೋಡಿದೆ. ಒಂದು ಹನಿಯೂ ಇಲ್ಲ! "ಪ್ಲಂಬರ್ ಯಾಕೆ ಬೇಕು" ಅಂತ ಅಮ್ಮನಿಗೆ ಕೇಳೋ ಹಾಗೆ ಹೇಳಿದೆ.

ಅಷ್ಟರಲ್ಲಿ ಹೆಂಡತಿ ಕೂಗಿದಳು. "ರೀ, ನಲ್ಲೀಲಿ ನೀರೇ ಬರ್ತಿಲ್ಲ."

ಮೂಲಂಗಿ ತೆಗೆಯೋಕೆ ಮತ್ತೆ ಮೆಟ್ಟಿಲು ಹತ್ತಿದೆ.