‘ನಾವು ಆಳಂದದವರು’ ಅನ್ನೋದನ್ನ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?

‘ನಿಮ್ಮದು ಯಾವೂರ್ರೀ?’ ಅಂದರೆ ‘ನಾವು ಆಳಂದದವರು’ ಅನ್ನುತ್ತೇವೆ. ಹುಟ್ಟಿದ್ದು, ಮನೆ ಇರುವುದು, ಅಜ್ಜನ ಹೊಲ ಇರುವುದು ಎಲ್ಲ ಆ ‘ದವರು’ ಒಳಗೇ ಬಂತು. ಇಂಗ್ಲಿಷ್ ಇದನ್ನು ಬಿಡಿಸಿ ಬಿಡಿಸಿ ಕೇಳುತ್ತದೆ.

ಮಾತಿಗಾದರೆ ‘ಐ ಆ್ಯಮ್ ಫ್ರಮ್ ಆಳಂದ’ ಸಾಕು. ‘ಐ ಆ್ಯಮ್ ಬಿಲಾಂಗಿಂಗ್ ಟು ಆಳಂದ’ ಅನ್ನಬೇಡಿ. ‘ಬಿಲಾಂಗ್’ ಇರುವ ಸ್ಥಿತಿ ಹೇಳುವ ಕ್ರಿಯಾಪದ, ‘ನೋ’ (ಗೊತ್ತಿರುವುದು), ‘ಓನ್’ (ಒಡೆತನ ಇರುವುದು) ಇದ್ದ ಹಾಗೆ. ಅದಕ್ಕೆ ‘ಇಂಗ್’ ಹತ್ತುವುದಿಲ್ಲ. ‘ಬಿಲಾಂಗ್ ಟು’ದಲ್ಲಿ ಮೊದಲು ಕಾಣುವುದು ಒಡೆತನ, ಆಮೇಲೆ ಸದಸ್ಯತ್ವ. ‘ಟು’ ತೆಗೆದು ‘ಇನ್’ ಹಾಕಿದಿರೋ, ‘ಇದರ ಜಾಗ ಇದು’ ಅಂತಾಗುತ್ತದೆ. ಇನ್ನು ವಾಡಿ ಜಂಕ್ಷನ್‌ನಲ್ಲಿ ಕಾಯ್ದುಕೊಳ್ಳಬೇಕಾದ ‘ಬಿಲಾಂಗಿಂಗ್ಸ್’ ಬರೀ ಸಾಮಾನು, ಬ್ಯಾಗು.

ಅರ್ಜಿ ತುಂಬುವಾಗ ಮಾತ್ರ ಎಚ್ಚರ ಬೇಕು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯಲ್ಲಿ ಮೀಸಲಾತಿ ಇರುವುದು ‘ಬೈ ಬರ್ತ್ ಆರ್ ಬೈ ಡೊಮಿಸೈಲ್’ ನಮ್ಮ ಕಲ್ಯಾಣ ಕರ್ನಾಟಕ (ಹಿಂದಿನ ಹೈದರಾಬಾದ್ ಕರ್ನಾಟಕ) ಭಾಗಕ್ಕೆ ‘ಬಿಲಾಂಗ್’ ಆದವರಿಗೆ. ಅಲ್ಲಿ ‘ರೆಸಿಡೆಂಟ್’ ಅಂದಿಲ್ಲ. ರೆಸಿಡೆನ್ಸ್ ಅಂದರೆ ಸದ್ಯ ವಾಸ ಇರುವ ಜಾಗ, ಅಂಥ ಜಾಗ ಒಬ್ಬರಿಗೆ ಎರಡು ಇದ್ದರೂ ಇರಬಹುದು. ಡೊಮಿಸೈಲ್ ಅಂದರೆ ವಾಸದ ಜೊತೆಗೆ ಇಲ್ಲೇ ನೆಲೆ ನಿಲ್ಲುವ ಇರಾದೆ. ಕೆಲಸಕ್ಕೆಂದು ಪುಣೆಯಲ್ಲಿ ಐದು ವರ್ಷ ಖೋಲಿ ಮಾಡಿಕೊಂಡು, ಊರಿಗೆ ವಾಪಸ್ ಬರಲೇಬೇಕು ಅಂದುಕೊಂಡ ಅಫಜಲಪುರದವನು ಪುಣೆಯ ರೆಸಿಡೆಂಟ್. ಡೊಮಿಸೈಲ್ ಅಷ್ಟಕ್ಕೇ ಬದಲಾಗುವುದಿಲ್ಲ. ಇಲ್ಲೊಂದು ತೊಡಕಿದೆ: ಭಾರತಕ್ಕೆಲ್ಲ ಒಂದೇ ಡೊಮಿಸೈಲ್, ರಾಜ್ಯಕ್ಕೊಂದಲ್ಲ ಅಂತ ಸುಪ್ರೀಂ ಕೋರ್ಟ್ 1984ರಲ್ಲೇ ಹೇಳಿದೆ. ರಾಜ್ಯಗಳು ಆ ಪದವನ್ನು ಕಾಯಂ ವಾಸ ಅನ್ನುವ ಅರ್ಥದಲ್ಲಿ ಬಳಸುತ್ತ ಬಂದಿವೆ. ಹಾಗಾಗಿ ನಿಘಂಟು ಮುಚ್ಚಿಟ್ಟು, ಆಯಾ ನಿಯಮದಲ್ಲಿ ಕೊಟ್ಟ ವ್ಯಾಖ್ಯೆ, ಕೇಳಿದ ವರ್ಷಗಳ ಲೆಕ್ಕ ಓದಿ.

‘ಸ್ಥಿರ’ದ್ದೂ ಇದೇ ಕಥೆ. ತೊಗರಿ ದರ ‘ಸ್ಟೇಬಲ್’ ಅಂದರೆ ಹೆಚ್ಚು ಏರಿಳಿತ ಇಲ್ಲ. ‘ಸ್ಟೆಡಿ’ಯಾಗಿ ಇಳಿಯುತ್ತಿದೆ ಅಂದರೆ ಹೆಚ್ಚುಕಡಿಮೆ ಒಂದೇ ಸಮನೆ ಬೀಳುತ್ತಿದೆ! ಅಂದರೆ ಸ್ಟೆಡಿಯಾಗಿ ಬೀಳುವುದೂ ಉಂಟು. ದರ ‘ಫರ್ಮ್’ ಅಂದರೆ ಮಾತ್ರ ಇಳಿಯುವ ಲಕ್ಷಣ ಇಲ್ಲ.

ಆಸ್ಪತ್ರೆಯಲ್ಲಿ ಈ ಗೊಂದಲ ದುಬಾರಿ. ‘ಪೇಷಂಟ್ ಸ್ಟೇಬಲ್’ ಅಂದ ಕೂಡಲೇ ಆರಾಮಾಯಿತು ಅಂತ ಊರಿಗೆಲ್ಲ ಫೋನ್ ಹೋಗುತ್ತದೆ. ನಾಡಿ, ಬಿಪಿ, ಉಸಿರಾಟ ಸದ್ಯ ಏರುಪೇರಾಗುತ್ತಿಲ್ಲ, ಅಷ್ಟೇ ಅದರ ಅರ್ಥ. ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದವರೂ ಸ್ಟೇಬಲ್ ಇರಬಹುದು. ‘ಸುಧಾರಣೆ ಐತೇನ್ರಿ ಡಾಕ್ಟ್ರೇ?’ ಅಂತ ಬೇರೆಯಾಗಿಯೇ ಕೇಳಬೇಕು.